ಕೀಬೋರ್ಡು ಒಡೆದ ಹುಡುಗ: ಹಾಸ್ಯವೋ, ಕರುಣವೋ?

ಕಾಲೇಜಿನ ವಾರ್ಷಿಕ ಸಂಚಿಕೆಯೆಂದರೆ ಪಂಪನನ್ನು ಕುರಿತು ಒಂದು ಲೇಖನ, ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕುರಿತು ಒಂದು ಲೇಖನ, ಜೋಗದ ಪ್ರವಾಸವನ್ನು ಕುರಿತು ಮತ್ತೊಂದು, ಇಷ್ಟು ಇರತಕ್ಕದ್ದು ವಾಡಿಕೆ. ಅಂಥ ಕಡೆಯಲ್ಲಿ ವಿಡಿಯೋ ಗೇಮ್ ಆಡುವ ಮುಂಗೋಪಿ ಹುಡುಗನೊಬ್ಬನ ನಗೆಚಿತ್ರವನ್ನು ಕುರಿತು ಬರೆಯುತ್ತೇನೆಂದರೆ ಕೆಲವರಾದರೂ ಮೂಗು ಮುರಿಯಬಹುದು. ಅಂಥ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಈ ಚಿತ್ರ ಕೆಲವೇ ನಿಮಿಷಗಳದು. ಅದನ್ನು ತೆಗೆದವನು ಮೀಸೆ ಮೂಡದ ಹುಡುಗ. ಅದಕ್ಕೆ ಪ್ರಶಸ್ತಿ ಪಾರಿತೋಷಕಗಳೇನೂ ಇಲ್ಲ. ಆದರೂ ಭರತಮುನಿಯ ಕಾಲದಿಂದ ಇಂದಿನ ಮನಶ್ಶಾಸ್ತ್ರದವರೆಗೆ ಬಲ್ಲವರು ಚರ್ಚಿಸುತ್ತ ಬಂದಿರುವ ಒಂದು ಪ್ರಶ್ನೆ ಅದರಲ್ಲಿ ಅಡಗಿದೆ. ಒಬ್ಬನ ಕೋಪವನ್ನು ಕಂಡು ನಾವು ಯಾವಾಗ ನಗಬಹುದು, ಯಾವಾಗ ನಗಬಾರದು? ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವ ಈ ದಿನಗಳಲ್ಲಿ ಆ ಪ್ರಶ್ನೆ ಶಿವಮೊಗ್ಗಕ್ಕೂ ಬಂದಿದೆ, ಭದ್ರಾವತಿಗೂ ಬಂದಿದೆ.

ಮೊದಲು ಚಿತ್ರದ ಪರಿಚಯ ಮಾಡಿಕೊಡುತ್ತೇನೆ. 2006ರ ಸುಮಾರಿಗೆ ಜರ್ಮನಿಯ ಹದಿಹರೆಯದ ಹುಡುಗನೊಬ್ಬ ಮನೆಯಲ್ಲಿಯೇ ಕ್ಯಾಮೆರಾ ಇಟ್ಟು ತೆಗೆದ ಕಿರುಚಿತ್ರ ಅದು. ತನ್ನನ್ನು ‘ನಿಜವಾದ ಗ್ಯಾಂಗ್‌ಸ್ಟರ್’ ಎಂದು ಕರೆದುಕೊಂಡು ಅವನು ಇಂಥ ಹಲವು ಚಿತ್ರಗಳನ್ನು ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದ. ಈ ಚಿತ್ರದಲ್ಲಿ ಅವನು ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ. ‘ಅನ್‌ರಿಯಲ್ ಟೂರ್ನಮೆಂಟ್’ ಎಂಬ ಗುಂಡು ಹಾರಿಸುವ ಆಟವನ್ನು ಆಡಬೇಕು. ಆದರೆ ಆಟ ಲೋಡ್ ಆಗುತ್ತಿಲ್ಲ. ಕಾಯುತ್ತಾನೆ, ಬೈಯುತ್ತಾನೆ, ಕಿರುಚುತ್ತಾನೆ. ತಾಳ್ಮೆ ತಪ್ಪಿ ಕೀಬೋರ್ಡನ್ನೇ ಎತ್ತಿ ಮೇಜಿನ ಮೇಲೆ ಅಪ್ಪಳಿಸುತ್ತಾನೆ; ಅದರ ಗುಂಡಿಗಳು ಕಡಲೆಪುರಿಯಂತೆ ಚೆಲ್ಲಾಡುತ್ತವೆ. ಕಡೆಗೂ ಆಟ ಶುರುವಾದರೆ ಆಗಲೂ ಶಾಂತಿಯಿಲ್ಲ; ಸೋಲು ಬಂದಿತೆಂದು ಮತ್ತೆ ಆರ್ಭಟ. ಕಥೆ ಇಷ್ಟೇ. ಆದರೆ ಈ ಚಿತ್ರ ದೇಶ ದೇಶಗಳನ್ನು ಸುತ್ತಿತು. ಇಂಗ್ಲಿಷ್ ಬಲ್ಲವರು ಅವನಿಗೆ ‘ಆಂಗ್ರಿ ಜರ್ಮನ್ ಕಿಡ್’ ಎಂದು ಹೆಸರಿಟ್ಟರು. ಜಪಾನಿನವರು ‘ಕೀಬೋರ್ಡ್ ಕ್ರ್ಯಾಷರ್’ ಎಂದರು. ಅವನ ಜರ್ಮನ್ ಮಾತು ತಮ್ಮ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದು ಚಿತ್ರದ ಕೆಳಗೆ ಅಂಟಿಸಿ ನಕ್ಕವರೂ ಉಂಟು.

ಕೋಪಿಷ್ಠನನ್ನು ತೋರಿಸಿ ನಗಿಸುವುದು ಚಲಚ್ಚಿತ್ರಕ್ಕೆ ಹೊಸದಲ್ಲ. 1895ರಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸೋದರರು ಜನರಿಗೆ ತೋರಿಸಿದ ಮೊಟ್ಟಮೊದಲ ಚಿತ್ರಗಳಲ್ಲಿ ಒಂದು ನಗೆಚಿತ್ರವಿತ್ತು. ಅದು ಒಂದು ನಿಮಿಷವೂ ಇಲ್ಲ. ತೋಟಗಾರ ಗಿಡಗಳಿಗೆ ನೀರು ಬಿಡುತ್ತಿದ್ದಾನೆ. ತುಂಟ ಹುಡುಗನೊಬ್ಬ ಹಿಂದಿನಿಂದ ಬಂದು ಕೊಳವೆಯನ್ನು ಮೆಟ್ಟುತ್ತಾನೆ. ನೀರು ನಿಂತಿತೇಕೆಂದು ತೋಟಗಾರ ಕೊಳವೆಯ ಬಾಯನ್ನು ಇಣುಕಿ ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಮುಂದಿನದನ್ನು ಹೇಳಬೇಕಾಗಿಲ್ಲ. 1934ರಲ್ಲಿ ತೆರೆಗೆ ಬಂದ ಡೊನಾಲ್ಡ್ ಡಕ್ ಎಂಬ ಬಾತುಕೋಳಿಯ ಬಂಡವಾಳವೇ ಸಿಡುಕು. ಅಷ್ಟು ದೂರವೇಕೆ? ಚಿತ್ರರಂಗಕ್ಕೆ ಹೋಗುವ ಮೊದಲು ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ದೊಡ್ಡಣ್ಣನವರು, ದೊಡ್ಡ ಮೈ, ದೊಡ್ಡ ದನಿಗಳಿಂದ ಗದರಿಸಿಯೇ ಪ್ರೇಕ್ಷಕರನ್ನು ನಗಿಸಿದವರಲ್ಲವೇ? ವಿಡಿಯೋ ಗೇಮಿನ ವಿಷಯಕ್ಕೇ ಬಂದರೆ, ಅಮೆರಿಕದ ಜೇಮ್ಸ್ ರಾಲ್ಫ್ ಎಂಬಾತ 2004ರಿಂದ ಕೆಟ್ಟ ಆಟಗಳನ್ನು ಆಡಿ ಸಿಟ್ಟಾಗುವ ಪಾತ್ರವೊಂದನ್ನು ಕಟ್ಟಿಕೊಂಡು ಬಂದ. ಆ ಪಾತ್ರವನ್ನೇ ನಾಯಕನನ್ನಾಗಿ ಮಾಡಿ 2014ರಲ್ಲಿ ಪೂರ್ಣಪ್ರಮಾಣದ ನಗೆಚಿತ್ರವೂ ಬಂದಿತು.

ಕೋಪದಿಂದ ನಗೆ ಹುಟ್ಟುವುದು ಹೇಗೆ? ಕನ್ನಡ ತರಗತಿಯಲ್ಲಿ ನಾವು ಓದುವ ರಸವಿಚಾರವೇ ಇದಕ್ಕೆ ಉತ್ತರ ಕೊಡುತ್ತದೆ. ರೌದ್ರಕ್ಕೆ ಕ್ರೋಧವು ಸ್ಥಾಯಿಭಾವ. ಕಣ್ಣು ಕೆಂಪಾಗುವುದು, ಹುಬ್ಬು ಗಂಟಿಕ್ಕುವುದು, ಹಲ್ಲು ಕಡಿಯುವುದು, ತುಟಿ ಕಚ್ಚುವುದು, ಕೈ ಕೈ ಉಜ್ಜುವುದು, ಇವು ಅದರ ಅನುಭಾವಗಳೆಂದು ನಾಟ್ಯಶಾಸ್ತ್ರ ಹೇಳುತ್ತದೆ. ರನ್ನನ ದುರ್ಯೋಧನ ಭೀಮನ ಮೂದಲಿಕೆಯನ್ನು ಕೇಳಿ ಸರೋವರದ ನೀರಿನೊಳಗಿದ್ದೂ ಬೆವೆತನೆಂಬುದನ್ನು ನಾವೆಲ್ಲ ಓದಿದ್ದೇವೆ. ಅಲ್ಲಿ ಯಾರಿಗೂ ನಗೆ ಬರುವುದಿಲ್ಲ. ಏಕೆಂದರೆ ಆ ಕೋಪಕ್ಕೆ ತಕ್ಕ ಕಾರಣವಿದೆ: ರಾಜ್ಯ ಹೋಗಿದೆ, ತಮ್ಮಂದಿರು ಸತ್ತಿದ್ದಾರೆ, ಕರ್ಣನಿಲ್ಲ. ಜರ್ಮನಿಯ ಹುಡುಗನಲ್ಲಿಯೂ ಅನುಭಾವಗಳಿಗೆ ಯಾವ ಕೊರತೆಯೂ ಇಲ್ಲ. ದುರ್ಯೋಧನನಿಗೆ ಒಂದು ಕೈ ಮೇಲೆಯೇ ಇದ್ದಾನೆ. ಆದರೆ ವಿಭಾವವೇನು? ಯಂತ್ರವೊಂದು ಸ್ವಲ್ಪ ನಿಧಾನವಾಗಿದೆ, ಅಷ್ಟೇ. ಕಾರಣ ಸಾಸಿವೆಯಷ್ಟು, ಕಾರ್ಯ ಬೆಟ್ಟದಷ್ಟು. ಔಚಿತ್ಯ ತಪ್ಪಿದಾಗ ಯಾವ ರಸವಾದರೂ ಹಾಸ್ಯಕ್ಕೆ ತಿರುಗೀತೆಂದು ಅಭಿನವಗುಪ್ತ ಹೇಳಿದ್ದು ಇಂಥದನ್ನೇ. ಕೀಬೋರ್ಡಿನ ಮೇಲೆ ಗದಾಯುದ್ಧ ನಡೆದರೆ ಅದು ರೌದ್ರವಲ್ಲ, ರೌದ್ರದ ಅಣಕ.

ಫ್ರಾನ್ಸಿನ ತತ್ತ್ವಜ್ಞ ಬರ್ಗ್‌ಸನ್ 1900ರಲ್ಲಿ ನಗೆಯನ್ನು ಕುರಿತು ಬರೆದ ಗ್ರಂಥದಲ್ಲಿ ಇನ್ನೆರಡು ಮಾತುಗಳಿವೆ. ಜೀವವುಳ್ಳ ಮನುಷ್ಯ ಯಂತ್ರದಂತೆ ವರ್ತಿಸಿದಾಗ ನಮಗೆ ನಗೆ ಬರುತ್ತದೆ ಎಂಬುದು ಒಂದು. ನಗುವ ಹೊತ್ತಿನಲ್ಲಿ ನಮ್ಮ ಹೃದಯ ಕ್ಷಣಕಾಲ ಮರಗಟ್ಟಿರಬೇಕು, ಮರುಕ ಹುಟ್ಟಿದರೆ ನಗೆ ಸಾಯುತ್ತದೆ ಎಂಬುದು ಇನ್ನೊಂದು. ಮೊದಲನೆಯ ಮಾತು ನಮ್ಮ ಚಿತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ: ಯಂತ್ರ ಮೊಂಡು ಹಿಡಿದಂತೆಲ್ಲ ಹುಡುಗನೂ ಒಂದೇ ಸಮನೆ ಮೇಲೆ ಕೆಳಗೆ ಬಡಿಯುವ ಯಂತ್ರವಾಗುತ್ತಾನೆ. ಎರಡನೆಯ ಮಾತನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನಾಟಕದ ಕೋಪ ಹಾಗಿರಲಿ, ಆಟ ಆಡುವ ಹುಡುಗರಿಗೆ ನಿಜವಾಗಿಯೂ ಇಷ್ಟು ಸಿಟ್ಟು ಬರುತ್ತದೆಯೇ? ಬರುತ್ತದೆ, ಅದಕ್ಕೆ ಕಾರಣವೂ ಉಂಟು. ಗುರಿಯತ್ತ ಹೋಗುವವನಿಗೆ ಅಡ್ಡಿ ಬಂದರೆ ಆ ಆಶಾಭಂಗ ಆಕ್ರೋಶಕ್ಕೆ ತಿರುಗುತ್ತದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪಂಡಿತರು 1939ರಲ್ಲಿಯೇ ವಾದಿಸಿದ್ದರು. 2014ರಲ್ಲಿ ಆಕ್ಸ್‌ಫರ್ಡ್ ಮತ್ತು ರಾಚೆಸ್ಟರ್ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳು ಇದನ್ನು ವಿಡಿಯೋ ಗೇಮುಗಳಿಗೇ ಅನ್ವಯಿಸಿ ನೋಡಿದವು. 1984ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಟೆಟ್ರಿಸ್ ಎಂಬ ಆಟವನ್ನು ನೀವು ಬಲ್ಲಿರಿ. ಮೇಲಿನಿಂದ ಬೀಳುವ ಚೌಕದ ತುಂಡುಗಳನ್ನು ಸಾಲಾಗಿ ಜೋಡಿಸುವುದು. ಅದರಲ್ಲಿ ರಕ್ತವಿಲ್ಲ, ಗುಂಡಿಲ್ಲ. ಆ ಪಂಡಿತರು ಇದನ್ನೇ ತಿರುಚಿ, ಎಷ್ಟು ಜಾಣನಾದರೂ ಸೋಲುವಂತೆ ತುಂಡುಗಳನ್ನು ಬೀಳಿಸಿದರು. ಆಡಿದವರ ಮನಸ್ಸು ಕೆರಳಿತು. ಆಟದಲ್ಲಿ ಹಿಂಸೆಯಿದೆಯೋ ಇಲ್ಲವೋ ಎಂಬುದಕ್ಕಿಂತ, ‘ನನ್ನ ಕೈಲಾಗುತ್ತಿಲ್ಲ’ ಎಂಬ ಭಾವವೇ ಸಿಟ್ಟಿನ ಬೇರೆಂದು ಅವರು ಕಂಡುಕೊಂಡರು.

ನಮ್ಮ ಊರುಗಳ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಕುಳಿತವರನ್ನು ನೋಡಿದರೆ ಅರ್ಧ ತಲೆಗಳು ಫೋನಿನ ಮೇಲೆ ಬಾಗಿರುತ್ತವೆ. ಪಬ್ಜಿ ಆಟವನ್ನು ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಬಗೆಯ ಆಟ ಬಿಜಿಎಂಐ ಎಂಬ ಹೆಸರಿನಿಂದ ಬಂದಿತು. ಅದರಲ್ಲಿ ನೂರು ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಕಡೆಯವರೆಗೆ ಉಳಿದವನೋ, ಉಳಿದ ತಂಡವೋ ಗೆದ್ದಂತೆ. ಇಪ್ಪತ್ತು ನಿಮಿಷ ಅಡಗಿ, ಓಡಿ, ಜೀವ ಉಳಿಸಿಕೊಂಡವನು ಗುರಿ ಹಿಡಿದು ಗುಂಡಿ ಒತ್ತುತ್ತಾನೆ. ಆ ಒತ್ತು ಫೋನಿನಿಂದ ಟವರಿಗೆ, ಅಲ್ಲಿಂದ ದೂರದ ಊರಿನ ಸರ್ವರಿಗೆ ಹೋಗಿ ಉತ್ತರ ತರಬೇಕು. ಹೋಗಿ ಬರುವ ಈ ಹೊತ್ತಿಗೆ ‘ಪಿಂಗ್’ ಎನ್ನುತ್ತಾರೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಅದನ್ನು ಅಳೆಯುತ್ತಾರೆ. ನೆಟ್‌ವರ್ಕ್ ಸ್ವಲ್ಪ ಕೈಕೊಟ್ಟರೆ ಸಾಕು, ಇವನ ಗುಂಡು ಹಾರುವ ಮುಂಚೆಯೇ ಎದುರಾಳಿಯದು ಬಂದು ತಾಗಿರುತ್ತದೆ. ಇಪ್ಪತ್ತು ನಿಮಿಷದ ಶ್ರಮ ನೀರಿನಲ್ಲಿ ಹೋಮ. ತಪ್ಪು ತನ್ನದಲ್ಲ, ಬೈಯೋಣವೆಂದರೆ ಎದುರಿಗೆ ಯಾರೂ ಇಲ್ಲ. ಆಗ ಸಿಕ್ಕುವುದು ಕೈಯಲ್ಲಿರುವ ಫೋನು, ಇಲ್ಲವೆ ಊಟಕ್ಕೆ ಕರೆಯಲು ಬಂದ ತಾಯಿ.

ಹಾಗಾದರೆ ಒಂದೇ ದೃಶ್ಯಕ್ಕೆ ಎರಡು ಮುಖಗಳುಂಟೆಂದಾಯಿತು. ನಟಿಸಿದರೆ ಹಾಸ್ಯ, ನಿಜವಾದರೆ ಒಬ್ಬನ ಸಂಕಟ. ತೊಡಕೇನೆಂದರೆ, ದೃಶ್ಯವನ್ನಷ್ಟೇ ನೋಡಿ ಇದು ಯಾವುದೆಂದು ಹೇಳಲಾಗುವುದಿಲ್ಲ. ಜರ್ಮನಿಯ ಹುಡುಗನಿಗೆ ಆದದ್ದು ಇದೇ. ಅವನ ಇತರ ಚಿತ್ರಗಳನ್ನು ನೋಡಿದವನಿಗೆ, ಇವನು ಗ್ಯಾಂಗ್‌ಸ್ಟರಿನ ವೇಷ ಹಾಕಿದ ತಮಾಷೆಗಾರನೆಂದು ತಿಳಿಯುತ್ತಿತ್ತು. ಆದರೆ ಲೋಕದ ಕೈಗೆ ಸಿಕ್ಕಿದ್ದು ಒಂದೇ ತುಣುಕು. ಭಾಷೆ ಬಾರದವರಿಗೆ ಮಾತಿನಲ್ಲಿದ್ದ ಸುಳಿವೂ ಸಿಕ್ಕಲಿಲ್ಲ. ಅದೇ ಕಾಲದಲ್ಲಿ, 2006ರ ನವೆಂಬರಿನಲ್ಲಿ, ಜರ್ಮನಿಯ ಎಮ್ಸ್‌ಡೆಟನ್ ಎಂಬ ಊರಿನ ಶಾಲೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಗುಂಡು ಹಾರಿಸಿ ಹಲವರನ್ನು ಗಾಯಗೊಳಿಸಿ ತಾನೂ ಸತ್ತ. ವಿಡಿಯೋ ಗೇಮುಗಳೇ ಇದಕ್ಕೆ ಕಾರಣವೆಂಬ ಕೂಗು ದೇಶದಲ್ಲೆಲ್ಲ ಎದ್ದಿತು. ಆ ವರ್ಷಗಳ ಬಿಸಿಯಲ್ಲಿ ಅಲ್ಲಿಯ ಟೆಲಿವಿಷನ್ ಕಾರ್ಯಕ್ರಮವೊಂದು ಈ ನಗೆಚಿತ್ರವನ್ನೇ ತೋರಿಸಿ, ಆಟದ ಗೀಳಿಗೆ ಬಿದ್ದ ಮಕ್ಕಳು ಹೀಗಾಗುತ್ತಾರೆಂದು ಹೇಳಿತು. ನಾಟಕ ಸಾಕ್ಷ್ಯವಾಯಿತು, ನಟ ರೋಗಿಯಾದ. ಶಾಲೆಯಲ್ಲಿಯೂ ಅವನು ಗೇಲಿಗೆ ಗುರಿಯಾದ. ಬೆಳೆದು ದೊಡ್ಡವನಾದ ಮೇಲೆ, ಅದು ನಟನೆಯಾಗಿತ್ತೆಂದು ಅವನೇ ಮುಂದೆ ಬಂದು ಹೇಳಬೇಕಾಯಿತು. ಅಷ್ಟು ಹೊತ್ತಿಗೆ ಲೋಕ ನಕ್ಕು ಮುಗಿಸಿತ್ತು.

ಇದು ಜರ್ಮನಿಯ ಮಾತಾಯಿತು ಎನ್ನಬೇಡಿ. ಭದ್ರಾವತಿಯಲ್ಲಿ ನಮ್ಮ ಬೀದಿಯ ಗಣಪತಿ ಉತ್ಸವದಲ್ಲಿ ಹುಡುಗರು ಪ್ರತಿವರ್ಷ ಕಿರುನಾಟಕ ಆಡುವುದುಂಟು. ಹಿಂದೊಂದು ವರ್ಷ ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬ ಮೊಬೈಲ್ ವೀರನ ಪಾತ್ರ ಮಾಡಿದ್ದ. ಅಜ್ಜಿ ಕಾಫಿ ತಂದರೆ ‘ಶತ್ರು ಬಂದ’ ಎಂದು ಹಾಸಿಗೆಯ ಹಿಂದೆ ಅಡಗುವುದು, ನೆಟ್‌ವರ್ಕ್ ಹೋಯಿತೆಂದು ರಟ್ಟಿನ ಫೋನನ್ನು ನೆಲಕ್ಕೆ ಬಡಿದು ಅಂಗಿಯನ್ನು ಹರಿದುಕೊಳ್ಳುವುದು, ಇಂಥ ಚೇಷ್ಟೆಗಳು. ಮುಂದಿನ ಸಾಲಿನಲ್ಲಿದ್ದ ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಯಾರೋ ಅದರಲ್ಲಿ ಅರ್ಧ ನಿಮಿಷವನ್ನು ಫೋನಿನಲ್ಲಿ ಹಿಡಿದರು. ಆ ತುಣುಕಿನಲ್ಲಿ ಪರದೆಯೂ ಇಲ್ಲ, ಗಣಪತಿಯೂ ಇಲ್ಲ, ಹುಡುಗನ ಮುಖ ಮಾತ್ರ. ನಾಲ್ಕು ದಿನ ಕಳೆಯುವುದರೊಳಗೆ ಅದು ಗುಂಪಿನಿಂದ ಗುಂಪಿಗೆ ಹಾರಿ ಶಿವಮೊಗ್ಗದಲ್ಲಿದ್ದ ಅವನ ಸೋದರಮಾವನಿಗೆ ತಲುಪಿತು. ಅವರು ಗಾಬರಿಯಿಂದ ಫೋನ್ ಮಾಡಿದರು: “ಏನಮ್ಮಾ, ಹುಡುಗನಿಗೆ ಏನಾಗಿದೆ? ನನಗೊಂದು ಮಾತು ಹೇಳಬಾರದಾ? ಇಲ್ಲಿ ಒಳ್ಳೆ ಡಾಕ್ಟರಿದ್ದಾರೆ, ನಾಳೆನೇ ಕರ್ಕೊಂಡು ಬಾ.” “ಅಯ್ಯೋ, ಅದು ನಾಟಕ ಅಣ್ಣಾ!” ಎಂದು ತಾಯಿ ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ, ಮುಚ್ಚಿಡುತ್ತಿದ್ದಾಳೆಂದೇ ಭಾವಿಸಿ ಮರುದಿನ ಬಸ್ಸು ಹತ್ತಿ ಬಂದುಬಿಟ್ಟರು. ಹುಡುಗನೇ ಬಾಗಿಲು ತೆಗೆದು “ಬನ್ನಿ ಮಾವ” ಎಂದಾಗ ಅವರಿಗೆ ಹೋದ ಜೀವ ಬಂದಂತಾಯಿತು.

ನಮ್ಮ ಬೀದಿಯಲ್ಲಿ ಈ ಪ್ರಸಂಗ ನಗೆಯಲ್ಲಿಯೇ ಮುಗಿಯಿತು. ಏಕೆ? ಸೋದರಮಾವ ಬಂದು ನೋಡಿದರು. ಆ ತುಣುಕನ್ನು ನೋಡಿದ ಉಳಿದವರು ಬಸ್ಸು ಹತ್ತಲಿಲ್ಲ. ಅವರಲ್ಲಿ ಎಷ್ಟು ಮಂದಿಗೆ ಆ ಹುಡುಗ ಇಂದಿಗೂ ‘ತಲೆ ಕೆಟ್ಟವನು’ ಆಗಿ ಉಳಿದಿದ್ದಾನೋ ಯಾರು ಬಲ್ಲರು?

ನಾಟಕವನ್ನು ನಾಟಕವನ್ನಾಗಿ ಮಾಡುವುದು ನಟನೊಬ್ಬನೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ಜಿಲ್ಲೆಯ ಸಾಗರ, ಹೊಸನಗರಗಳ ಕಡೆ ಯಕ್ಷಗಾನ ನೋಡಿದವರನ್ನು ಕೇಳಿ. ಬಣ್ಣದ ವೇಷ ಅಬ್ಬರಿಸಿ ಬಂದರೆ ಮಡಿಲಿನ ಮಗು ಅಳುತ್ತದೆ, ದೊಡ್ಡವರು ಅಳುವುದಿಲ್ಲ. ರಂಗಸ್ಥಳವಿದೆ, ಭಾಗವತರಿದ್ದಾರೆ, ಚಂಡೆಯಿದೆ, ಮುಖದ ಮೇಲೆ ಬಣ್ಣವಿದೆ. ‘ಇದು ಆಟ’ ಎಂದು ಆಡುವವನೂ ನೋಡುವವನೂ ಒಪ್ಪಿಕೊಂಡಿರುತ್ತಾರೆ. ಯಕ್ಷಗಾನವನ್ನು ನಾವು ‘ಆಟ’ ಎಂದೇ ಕರೆಯುತ್ತೇವಲ್ಲವೇ? ಆ ಒಪ್ಪಂದ ಇರುವವರೆಗೆ, ಬರ್ಗ್‌ಸನ್ ಹೇಳಿದಂತೆ ಹೃದಯ ಕ್ಷಣಕಾಲ ಮರಗಟ್ಟಿದರೂ ಯಾರಿಗೂ ನೋವಿಲ್ಲ. ಅಮೆರಿಕದ ರಾಲ್ಫ್ ತನ್ನ ಪಾತ್ರಕ್ಕೆ ಒಂದು ಹೆಸರನ್ನೂ ಒಂದು ಉಡುಪನ್ನೂ ಇಟ್ಟುಕೊಂಡಿದ್ದರಿಂದ ಬಚಾವಾದ. ಜರ್ಮನಿಯ ಬಾಲಕನಿಗೆ ಬಣ್ಣವೂ ಇರಲಿಲ್ಲ, ಭಾಗವತರೂ ಇರಲಿಲ್ಲ. ಇದ್ದದ್ದು ಅವನ ಸ್ವಂತ ಮುಖ, ಸ್ವಂತ ಮನೆ. ಕತ್ತರಿಸಿ ಕಳಿಸಿದವರು ಒಪ್ಪಂದವನ್ನೂ ಕತ್ತರಿಸಿದರು. ಆಮೇಲೆ ಉಳಿದದ್ದು ಮರಗಟ್ಟಿದ ಹೃದಯ ಮಾತ್ರ.

ಇನ್ನು ಕೋಪ ನಟನೆಯಲ್ಲದೆ ನಿಜವೇ ಆಗಿದ್ದರೆ? ಆಗ ಅದನ್ನು ಹಿಡಿದು ಹಂಚುವುದು ಇನ್ನೂ ದೊಡ್ಡ ಅನ್ಯಾಯ. ಹಾಸ್ಟೆಲಿನ ಕೋಣೆಯಲ್ಲಿ ಸೋತು ಗೋಡೆಗೆ ಗುದ್ದಿಕೊಂಡವನ ಚಿತ್ರ ಮಾರನೆಯ ದಿನ ತರಗತಿಯ ಗುಂಪಿನಲ್ಲಿ ಬಂದರೆ, ಅವನು ಬೆಳಗ್ಗೆ ಯಾವ ಮುಖ ಹೊತ್ತು ಹಾಜರಿಗೆ ‘ಎಸ್ ಸಾರ್’ ಎನ್ನಬೇಕು? ಎಲ್ಲ ಸಿಟ್ಟೂ ರೋಗವಲ್ಲ; ಆಟದಲ್ಲಿ ಸಿಡುಕುವವರೆಲ್ಲ ರೋಗಿಗಳೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ಬಂದ ರೋಗಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಎಂಬುದನ್ನು ಸೇರಿಸಿದೆಯಾದರೂ ಅದರ ಲಕ್ಷಣ ಕೀಬೋರ್ಡು ಒಡೆಯುವುದಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಬೇರೆಲ್ಲ ಕೆಲಸಕ್ಕಿಂತ ಆಟವೇ ಮೇಲಾಗಿ, ಕೇಡು ಕಂಡರೂ ಬಿಡಲಾರದೆ, ಓದು, ಮನೆ, ಸ್ನೇಹಗಳು ಕೆಡುವ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇದ್ದರೆ ಮಾತ್ರ ವೈದ್ಯರು ಆ ಹೆಸರು ಹೇಳುತ್ತಾರೆ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿಯೇ ‘ಷಟ್ ಕ್ಲಿನಿಕ್’ ತೆರೆದಿದ್ದಾರೆ. 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯಲ್ಲಿ ಸಲಹೆ ಕೊಡುವವರೂ ಇದ್ದಾರೆ. ಅರ್ಧ ನಿಮಿಷದ ತುಣುಕು ನೋಡಿ ರೋಗ ಹೇಳುವ ಅಧಿಕಾರ ಟೆಲಿವಿಷನ್ನಿಗೂ ಇಲ್ಲ, ನಮಗೂ ಇಲ್ಲ.

ಭರತಮುನಿ ರಸಗಳ ಹುಟ್ಟನ್ನು ಹೇಳುವಾಗ ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ ಹುಟ್ಟುತ್ತದೆಂದು ಹೇಳಿದ್ದಾನೆ. ರೌದ್ರ ನಡೆದುಹೋದ ಮೇಲೆ ಉಳಿಯುವುದು ಕರುಣವೇ ಎಂಬುದು ಅದರ ಅಭಿಪ್ರಾಯ. ಯುದ್ಧ ಮುಗಿದ ಮೇಲೆ ಕುರುಕ್ಷೇತ್ರದಲ್ಲಿ ಉಳಿದದ್ದು ಗಾಂಧಾರಿಯ ಗೋಳು. ಕೀಬೋರ್ಡಿನ ಕುರುಕ್ಷೇತ್ರಕ್ಕೂ ಈ ಮಾತು ಸಲ್ಲುತ್ತದೆ. ಚೆಲ್ಲಾಡಿದ ಗುಂಡಿಗಳನ್ನು ಆಮೇಲೆ ಒಬ್ಬನೇ ಕುಳಿತು ಆರಿಸುವ ಹುಡುಗನನ್ನು ಯಾರೂ ಚಿತ್ರ ತೆಗೆಯುವುದಿಲ್ಲ. ಒಳ್ಳೆಯ ನಗೆಚಿತ್ರ ತೆಗೆಯುವವನು ಅದನ್ನೂ ಕಂಡಿರುತ್ತಾನೆ. ಕೋಪಿಷ್ಠನನ್ನು ಅವನು ನಮ್ಮಿಂದ ದೂರ ನಿಲ್ಲಿಸದೆ, ನಮ್ಮಲ್ಲಿಯೇ ಒಬ್ಬನೆಂದು ತೋರಿಸುತ್ತಾನೆ. ಅವನನ್ನು ನೋಡಿ ನಕ್ಕವರು ತಮ್ಮ ಕೋಪಕ್ಕೂ ಸ್ವಲ್ಪ ನಕ್ಕಿರುತ್ತಾರೆ.

ನಮ್ಮ ಕಾಲೇಜಿನಲ್ಲಿ ಫೋನಿನಿಂದಲೇ ಕಿರುಚಿತ್ರ ತೆಗೆಯುವ ಉತ್ಸಾಹಿಗಳು ಬಹಳ ಮಂದಿ ಇದ್ದಾರೆ. ಅವರಿಗೆ ನನ್ನ ಸೂಚನೆ ಎರಡೇ. ಚಿತ್ರದ ಮೊದಲಲ್ಲಿ ಹೆಸರು, ಕೊನೆಯಲ್ಲಿ ಪಾತ್ರವರ್ಗ, ಇವೆರಡನ್ನೂ ತಪ್ಪದೆ ಹಾಕಿರಿ. ಸಾಧ್ಯವಾದರೆ ಚಿತ್ರ ಓಡುವಷ್ಟು ಹೊತ್ತೂ ಮೂಲೆಯಲ್ಲೊಂದು ಹೆಸರು ಇರಲಿ. ಯಾರು ಕತ್ತರಿಸಿದರೂ ‘ಇದು ಆಟ’ ಎಂಬ ಗುರುತು ಉಳಿದಿರುತ್ತದೆ. ನೋಡುವವರಿಗೂ ಒಂದು ಮಾತು. ಸಿಟ್ಟಿನಲ್ಲಿರುವ ಹುಡುಗನ ತುಣುಕು ಫೋನಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇವನು ನಟಿಸುತ್ತಿದ್ದಾನೆಂದು ನನಗೆ ಗೊತ್ತೇ? ನಾವು ನಗುತ್ತಿದ್ದೇವೆಂದು ಇವನಿಗೆ ಗೊತ್ತೇ? ಎರಡಕ್ಕೂ ‘ಹೌದು’ ಎಂದಾದರೆ ಹೊಟ್ಟೆ ತುಂಬ ನಗಬಹುದು. ಒಂದಕ್ಕಾದರೂ ‘ಇಲ್ಲ’ ಎಂದಾದರೆ ಆ ತುಣುಕು ನಮ್ಮ ಫೋನಿನಲ್ಲಿಯೇ ನಿಲ್ಲಲಿ. ಹುಡುಗ ಗುರುತಿನವನಾಗಿದ್ದರೆ, ಆ ಸೋದರಮಾವನಂತೆ ಬಸ್ಸು ಹತ್ತಿ ಹೋಗಿ ಒಮ್ಮೆ ಮಾತಾಡಿಸಿ ಬರುವುದು ಒಳ್ಳೆಯದು.